ಹಳೆಮನೆಗೆ ಹೊಸ ಕೋಣೆ – ಯಾರಿಗಾಗಿ?

ಈಸ್ಟರ್ ಹಬ್ಬದ ಬಳಿಕ ಮನೆಗಳ ಆಶೀರ್ವಾದಕ್ಕಾಗಿ ವಾರ್ಡಿನಿಂದ ವಾರ್ಡಿಗೆ ನಡೆಯುವ ದಿನಗಳು ಧರ್ಮಗುರುವಿನ ಪಾಲಿಗೆ ಒಂದು ಬಗೆಯ ಪಾಠಶಾಲೆಯೇ ಸರಿ. ಈ ವರ್ಷ ಅಂತಹ ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿದು, ಪವಿತ್ರ ಜಲದ ಪ್ರೋಕ್ಷಣೆಯೂ ಆಗಿ, ಚಹಾಕ್ಕಾಗಿ ಕಾಯುತ್ತ ಕುಳಿತಿದ್ದಾಗ ಮನೆಯ ಹಿರಿಯ ಮಗ ಸುರುಳಿ ಸುತ್ತಿದ್ದ ದೊಡ್ಡದೊಂದು ಕಾಗದವನ್ನು ತಂದು ಮೇಜಿನ ಮೇಲೆ ಬಿಡಿಸಿದರು. ಕೊಲ್ಲಿ ರಾಷ್ಟ್ರದಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವವರು ಅವರು. ಅಜ್ಜ ಕಟ್ಟಿಸಿದ ಹೆಂಚಿನ ಮನೆಯನ್ನು ಪೂರ್ತಿ ಕೆಡವದೆ, ಅದನ್ನೇ ದುರಸ್ತಿಗೊಳಿಸಿ ವಿಸ್ತರಿಸುವ ನಕ್ಷೆ ಅದಾಗಿತ್ತು. ಮುಂಭಾಗದಲ್ಲಿ ಕಾರು ನಿಲ್ಲಿಸಲು ಪೋರ್ಟಿಕೊ, ಅದರ ಬದಿಗೆ ಸಿಟ್‌ಔಟ್, ಹಳೆಯ ಚಾವಡಿಯನ್ನು ಒಡೆದು ದೊಡ್ಡದು ಮಾಡಿದ ಹಾಲ್, ಅದರ ಮೇಲೆ ತಾರಸಿ, ತಾರಸಿಯ ಮೇಲೆ ನಾಲ್ಕು ಮಲಗುವ ಕೋಣೆಗಳ ಉಪ್ಪರಿಗೆ, ಪ್ರತಿಯೊಂದು ಕೋಣೆಗೂ ಪ್ರತ್ಯೇಕ ಸ್ನಾನಗೃಹ. ನೋಡಲು ಬಹಳ ಚೆನ್ನಾಗಿತ್ತು. ಎಂಜಿನಿಯರರ ಕೈ ಪಳಗಿದ ಕೈ ಎಂಬುದರಲ್ಲಿ ಸಂದೇಹವಿರಲಿಲ್ಲ.

ನಾನು ಕನ್ನಡಕ ಸರಿಪಡಿಸಿಕೊಂಡು ನಕ್ಷೆಯ ಮೇಲೆ ಬೆರಳಾಡಿಸುತ್ತ, "ಇದರಲ್ಲಿ ಮಾಯ್‌ಯ ಕೋಣೆ ಯಾವುದು?" ಎಂದು ಕೇಳಿದೆ. ಕೇಳಬೇಕೆಂದು ಕೇಳಿದ ಪ್ರಶ್ನೆಯಲ್ಲ. ಆ ಕ್ಷಣದಲ್ಲಿ ಎಂಬತ್ತರ ಅಂಚಿನ ಅವರ ತಾಯಿ ಸೊಸೆಯ ಹಿಂದೆ ನಿಂತು ಬಾಗಿಲ ದಾರಂದಕ್ಕೆ ಕೈ ಊರಿ ನಮ್ಮನ್ನೇ ನೋಡುತ್ತಿದ್ದುದರಿಂದ ಬಾಯಿಗೆ ಬಂದದ್ದು. ಮಗ ಒಂದು ಗಳಿಗೆ ತಡವರಿಸಿದರು. "ಅವರಿಗೆ ಅಡುಗೆಮನೆಯ ಹಿಂದಿನ ಕೋಣೆ ಇದೆಯಲ್ಲ ಫಾದರ್. ಅವರಿಗೆ ಅಲ್ಲೇ ಅಭ್ಯಾಸ" ಎಂದರು. ಆ ಕೋಣೆಯನ್ನು ನಾನು ಆಗಷ್ಟೇ ಆಶೀರ್ವದಿಸಿ ಬಂದಿದ್ದೆ. ಒಂದು ಮಂಚ, ಒಂದು ಮರದ ಪೆಟ್ಟಿಗೆ, ಮೂಲೆಯಲ್ಲಿ ಅಕ್ಕಿಯ ಎರಡು ಡಬ್ಬಗಳು, ಒಂದು ಸಣ್ಣ ಕಿಟಕಿ. ಶೌಚಾಲಯಕ್ಕೆ ಹೋಗಬೇಕಾದರೆ ಹಿಂಬಾಗಿಲಿನಿಂದ ಎರಡು ಮೆಟ್ಟಿಲಿಳಿದು ಹೋಗಬೇಕು. ನಕ್ಷೆಯಲ್ಲಿ ಆ ಭಾಗದ ಮೇಲೆ ಎಂಜಿನಿಯರರು 'ಇರುವುದು' ಎಂದು ಬರೆದು ಬಿಟ್ಟುಬಿಟ್ಟಿದ್ದರು.

ಪ್ರಿಯ ಓದುಗರೇ, ಇದು ಒಂದು ಮನೆಯ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕಳೆದ ಹಲವು ವರ್ಷಗಳಲ್ಲಿ ನಾನು ಸೇವೆ ಸಲ್ಲಿಸಿದ ಒಂದಕ್ಕಿಂತ ಹೆಚ್ಚು ಚರ್ಚ್ ವ್ಯಾಪ್ತಿಗಳಲ್ಲಿ ಇಂತಹ ವಿಸ್ತರಣೆಗಳನ್ನು ಕಂಡಿದ್ದೇನೆ. ವರ್ಷಕ್ಕೆ ಇಪ್ಪತ್ತು ದಿನ ಬರುವವರಿಗಾಗಿ ಕೋಣೆಗಳು ಏಳುತ್ತವೆ. ಮುನ್ನೂರ ಅರವತ್ತೈದು ದಿನವೂ ಅಲ್ಲೇ ಇರುವವರ ಕೋಣೆ ಇದ್ದಂತೆಯೇ ಇರುತ್ತದೆ, ಕೆಲವೊಮ್ಮೆ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಮಕ್ಕಳಲ್ಲಿ ಪ್ರೀತಿಯಿಲ್ಲದೆ ಹೀಗಾಗುತ್ತದೆಂದು ನಾನು ಹೇಳಲಾರೆ. ಪ್ರೀತಿ ಇದ್ದೂ ಹೀಗಾಗುವುದರಿಂದಲೇ ಈ ವಿಷಯ ವಿಚಾರಕ್ಕೆ ಯೋಗ್ಯವೆನಿಸಿತು.

ನಮ್ಮ ಹಳೆಮನೆಗಳು ಎಂದರೆ ಏನೆಂಬುದನ್ನು ಮೊದಲು ನೆನಪಿಸಿಕೊಳ್ಳುವುದು ಒಳ್ಳೆಯದು. ಕರಾವಳಿಯ ನೆಲದಿಂದಲೇ ಕಡಿದು ತೆಗೆದ ಕೆಂಪುಕಲ್ಲು ಅದರ ಗೋಡೆ. ನೆಲದೊಳಗಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದುವಾಗಿದ್ದು, ಹೊರಗೆ ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನಲ್ಲಿ ಇದನ್ನು ಕಂಡು ಬೆರಗಾಗಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದ ಅದರ ಮೂಲ. ಮೇಲಿನ ಮಾಡಿಗೆ ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕವಷ್ಟೇ ಮುಳಿಹುಲ್ಲಿನ ಮನೆಗಳ ಜಾಗದಲ್ಲಿ ಹೆಂಚಿನ ಮಾಡು ಕ್ರಮೇಣ ಸಾಮಾನ್ಯರ ಕೈಗೆಟುಕಿತು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಬೆಂಕಿಯಲ್ಲಿ ಬೆಂದು ನಮ್ಮ ತಲೆಯ ಮೇಲಿನ ಸೂರಾಯಿತು. ನಾನು ಜೆಪ್ಪುವಿನ ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಈ ಇತಿಹಾಸದ ಪರಿವೆಯೇ ಇಲ್ಲದೆ ಆ ಊರಿನ ಬೀದಿಗಳಲ್ಲಿ ಓಡಾಡಿದ್ದೆನೆಂಬುದು ಬೇರೆ ಮಾತು.

ಇನ್ನೊಂದು ಸಂಗತಿ. ನಮ್ಮ ಎಷ್ಟೋ ಕುಟುಂಬಗಳ ಅಜ್ಜಂದಿರು ಬೇರೆಯವರ ಭೂಮಿಯಲ್ಲಿ ಗೇಣಿಗೆ ಕುಳಿತ ಒಕ್ಕಲುಗಳಾಗಿದ್ದರು. 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಭೂನ್ಯಾಯಮಂಡಳಿಯ ಮುಂದೆ ಡಿಕ್ಲರೇಶನ್ ಕೊಟ್ಟು, ಆದೇಶ ಕೈಗೆ ಬಂದ ಮೇಲೆಯೇ ಅನೇಕರು ಧೈರ್ಯವಾಗಿ ಕಲ್ಲಿನ ಅಡಿಪಾಯ ಹಾಕಿದ್ದು. ಅದಕ್ಕೂ ಮೊದಲು, ನಾಳೆ ಧಣಿ ಬಿಡಿಸಿದರೆ ಏನು ಗತಿ ಎಂಬ ಭಯದಲ್ಲಿ ಗಟ್ಟಿಯಾದ ಮನೆ ಕಟ್ಟುವ ಮನಸ್ಸು ಯಾರಿಗೆ ತಾನೆ ಬಂದೀತು? ಆದುದರಿಂದ ನಮ್ಮಲ್ಲಿ ಹಳೆಮನೆ ಎಂದರೆ ಬರೇ ಹಳೆಯದಾದ ಕಟ್ಟಡವಲ್ಲ. ಇನ್ನು ನಮ್ಮನ್ನು ಯಾರೂ ಎಬ್ಬಿಸಲಾರರು ಎಂದು ಒಂದು ತಲೆಮಾರು ಮೊದಲ ಬಾರಿಗೆ ನಿಟ್ಟುಸಿರು ಬಿಟ್ಟ ಜಾಗ ಅದು.

ಹಾಗೆಂದು ಹಳೆಯದನ್ನೆಲ್ಲ ಹೊಗಳುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಹೆಂಚಿನ ಮನೆಯ ಸೊಗಸಿನ ಬಗ್ಗೆ ಬರೆಯುವವರಲ್ಲಿ ಬಹುಮಂದಿ ಫ್ಲಾಟಿನಲ್ಲಿ ವಾಸವಾಗಿರುವವರು. ಆ ಮನೆಗಳ ಅಡುಗೆಕೋಣೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಬದುಕು ಸವೆಸಿದ ಹೆಂಗಸರನ್ನು ಅವರು ಕೇಳಲಿ. ಮಾಡಿನಿಂದ ಉದುರುವ ಮಸಿ, ಮಳೆಗಾಲದಲ್ಲಿ ಹೆಂಚು ಜಾರಿ ಹಾಸಿಗೆಯ ಮೇಲೆ ಬೀಳುವ ನೀರು, ಪಕ್ಕಾಸು ರೀಪುಗಳಿಗೆ ಹತ್ತುವ ಗೆದ್ದಲು, ರಾತ್ರಿ ಹೊತ್ತು ಟಾರ್ಚು ಹಿಡಿದು ಅಂಗಳ ದಾಟಬೇಕಾದ ಕಕ್ಕಸು. ಇವುಗಳಲ್ಲಿ ಯಾವುದನ್ನೂ ಪರಂಪರೆಯೆಂದು ಕಾಪಾಡಬೇಕಾಗಿಲ್ಲ. ಮದುವೆಯಾಗಿ ಬಂದ ಸೊಸೆ ತನಗೊಂದು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕೆಂದರೆ, ಓದುವ ಮಕ್ಕಳು ಬೆಳಕು ಬೇಕೆಂದರೆ ಅದು ನ್ಯಾಯವಾದ ಬೇಡಿಕೆ. 2020ರಲ್ಲಿ ಲಾಕ್‌ಡೌನ್ ಬಂದು ಮುಂಬಯಿಯಿಂದ, ವಿದೇಶದಿಂದ ಮಕ್ಕಳು ಊರಿಗೆ ಮರಳಿದಾಗ ಯಾವುದೋ ಕಾಲದಲ್ಲಿ ಕಟ್ಟಿಸಿ ಬೀಗ ಹಾಕಿದ್ದ ಉಪ್ಪರಿಗೆಯ ಕೋಣೆಗಳೇ ಅವರನ್ನು ಪ್ರತ್ಯೇಕವಾಗಿರಿಸಲು ಉಪಯೋಗಕ್ಕೆ ಬಂದುದನ್ನೂ ಕಂಡಿದ್ದೇನೆ. ಮನೆ ಬೆಳೆಯಬೇಕು. ಯಾವ ದಿಕ್ಕಿನಿಂದ ಬೆಳೆಯಲು ಆರಂಭಿಸಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ತತ್ತ್ವಶಾಸ್ತ್ರದ ಅಭ್ಯಾಸ ಬಿಡದು, ಕ್ಷಮಿಸಿ. ವಸ್ತುವೊಂದನ್ನು ಅರಿಯುವುದು ಹೇಗೆಂದು ವಿವರಿಸುವಾಗ ಅರಿಸ್ಟಾಟಲ್ ಮತ್ತೆ ಮತ್ತೆ ಮನೆಯ ಉದಾಹರಣೆಗೇ ಬರುತ್ತಾನೆ. ಮನೆಯೆಂದರೆ ಕಲ್ಲು, ಇಟ್ಟಿಗೆ, ಮರ ಎಂದು ಹೇಳುವವನು ಮನೆಯಾಗಬಲ್ಲ ಸಾಮಗ್ರಿಯನ್ನು ಹೇಳಿದನೇ ಹೊರತು ಮನೆಯನ್ನು ಹೇಳಲಿಲ್ಲ. ಜನರನ್ನೂ ಅವರ ಸೊತ್ತನ್ನೂ ಕಾಪಾಡುವ ಆಶ್ರಯ ಎಂದವನು ಮಾತ್ರ ಮನೆ ಏನೆಂಬುದನ್ನು ಹೇಳಿದನು, ಎಂಬುದು ಅವನ ವಾದದ ಸಾರ. ಯಾವುದಕ್ಕಾಗಿ, ಯಾರಿಗಾಗಿ ಎಂಬುದು ಕೊನೆಗೆ ಸೇರಿಸುವ ಅಲಂಕಾರವಲ್ಲ. ಅದರಿಂದಲೇ ಉಳಿದೆಲ್ಲವೂ ನಿರ್ಧಾರವಾಗಬೇಕು. ನಮ್ಮಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಮೊದಲು ಪೇಟೆಗೆ ಹೋಗಿ ನೆಲದ ಟೈಲ್ಸ್ ಆರಿಸುತ್ತೇವೆ, ಆಮೇಲೆ ನೆರೆಮನೆಯ ಮುಂಭಾಗವನ್ನು ನೋಡಿ ನಮ್ಮ ಮುಂಭಾಗವನ್ನು ನಿಶ್ಚಯಿಸುತ್ತೇವೆ, ಕೋಣೆಗಳ ಲೆಕ್ಕ ಹಾಕುತ್ತೇವೆ, ಸಾಲದ ಅರ್ಜಿ ಹಾಕುತ್ತೇವೆ. ಅಲ್ಲಿ ವಾಸಿಸುವವರು ಯಾರೆಂಬ ಪ್ರಶ್ನೆ ಗೃಹಪ್ರವೇಶದ ಊಟದ ದಿನವೂ ಏಳುವುದಿಲ್ಲ.

ಅದೇ ಗ್ರೀಕರಲ್ಲಿ ಇನ್ನೊಂದು ಪ್ರಸಿದ್ಧ ಸಮಸ್ಯೆಯುಂಟು. ಅಥೆನ್ಸಿನವರು ಥೀಸಿಯಸ್ ಎಂಬ ವೀರನ ಹಡಗನ್ನು ಕಾಪಾಡಿಕೊಂಡು ಬಂದರು. ಲಡ್ಡಾದ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸ ಹಲಗೆ ಜೋಡಿಸುತ್ತ ಹೋದರು. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞಾನಿಗಳು ಜಗಳವಾಡಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಸೆಮಿನರಿಯಲ್ಲಿ ಇದು ನಮಗೆ ಬುದ್ಧಿಯ ಕಸರತ್ತಾಗಿತ್ತು. ಆದರೆ ಹಡಗಿನೊಳಗೆ ವಾಸವಾಗಿರುವ ಮುದುಕಿಯೊಬ್ಬಳಿದ್ದರೆ ಅವಳಿಗೆ ಉತ್ತರ ಗೊತ್ತಿರುತ್ತಿತ್ತು ಎಂದು ಈಗ ಅನಿಸುತ್ತದೆ.

ಈ ಅನಿಸಿಕೆಗೆ ಕಾರಣವಿದೆ. ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇನೆ. 2011ರಲ್ಲಿ ನಮ್ಮ ಸ್ವಂತ ಮನೆಯನ್ನು, ಅಂದರೆ ನಾನು ಹುಟ್ಟಿ ಬೆಳೆದ ಮನೆಯನ್ನು, ನನ್ನ ತಮ್ಮ ದುರಸ್ತಿ ಮಾಡಿಸಿ ದೊಡ್ಡದು ಮಾಡಿಸಿದನು. ಅವನು ಪ್ರತಿಯೊಂದಕ್ಕೂ ನನ್ನ ಅಭಿಪ್ರಾಯ ಕೇಳಿದನು. ಓದಿದ ಅಣ್ಣನೆಂಬ ಗೌರವ. ಚಾವಡಿಯಿಂದ ಒಳಕೋಣೆಗೆ ಹೋಗುವ ಬಾಗಿಲು ಇಕ್ಕಟ್ಟಾಗಿದೆ, ಹಲಸಿನ ಮರದ ಆ ದಾರಂದವನ್ನು ತೆಗೆಸಿ ಅಗಲವಾಗಿ ತೆರೆದುಬಿಡು ಎಂದು ಹೇಳಿದವನು ನಾನು. ಕೆಂಪು ಸಿಮೆಂಟಿನ ನೆಲದ ಮೇಲೆ ಹೊಳೆಯುವ ಬಿಳಿ ಟೈಲ್ಸ್ ಹಾಕಿಸು, ಮನೆಯೊಳಗೆ ಬೆಳಕಾದೀತು ಎಂದವನೂ ನಾನೇ. ಕೆಲಸ ಮುಗಿದಾಗ ಮನೆ ನಿಜವಾಗಿಯೂ ಬೆಳಗುತ್ತಿತ್ತು. ಆಶೀರ್ವಾದದ ವಿಧಿಯನ್ನು ನಾನೇ ನಡೆಸಿದೆ. ಅಮ್ಮ ಎಲ್ಲರ ಎದುರು "ಚೆಂದ ಆಗಿದೆ" ಎಂದರು. ಬೇರೆ ಏನೂ ಹೇಳಲಿಲ್ಲ.

ಮುಂದಿನ ಆಷಾಢದ ಒಂದು ರಾತ್ರಿ ಕರೆಂಟು ಹೋಗಿತ್ತು. ನಸುಕಿಗೆ ಮೊದಲೇ ಏಳುವುದು ಅಮ್ಮನ ರೂಢಿ. ಮದುವೆಯಾಗಿ ಬಂದಂದಿನಿಂದ ಕತ್ತಲಲ್ಲೇ ಓಡಾಡಿದ ಮನೆ. ದೀಪದ ಹಂಗು ಅವರಿಗಿರಲಿಲ್ಲ. ಎಷ್ಟು ಹೆಜ್ಜೆ, ಎಲ್ಲಿ ಹೊಸ್ತಿಲು, ಎಲ್ಲಿ ಕೈ ಊರಬೇಕು ಎಂಬುದು ಮೈಗೇ ಗೊತ್ತಿತ್ತು. ಹಾಗೆಯೇ ನಡೆದು ಬಂದವರು ಬಾಗಿಲಿನ ದಾರಂದ ಇದ್ದ ಜಾಗದಲ್ಲಿ ಕೈ ಚಾಚಿದರು. ಅಲ್ಲಿ ದಾರಂದವಿರಲಿಲ್ಲ. ಹಿಡಿತ ತಪ್ಪಿ, ಮಳೆಗಾಲದ ಥಂಡಿಗೆ ಬೆವರಿದ್ದ ಆ ಬಿಳಿ ನೆಲದ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಆದರೆ ಮತ್ತೆ ಮೊದಲಿನಂತೆ ಎದ್ದು ನಡೆಯಲಿಲ್ಲ. ಹನ್ನೊಂದು ತಿಂಗಳ ಬಳಿಕ ತೀರಿಕೊಂಡರು. ತಮ್ಮನನ್ನಾಗಲಿ ನನ್ನನ್ನಾಗಲಿ ಅವರು ಒಂದು ದಿನವೂ ದೂರಲಿಲ್ಲ. ಒಮ್ಮೆ ಮಾತ್ರ, ಪರಮಪ್ರಸಾದ ಕೊಟ್ಟು ಅವರ ಮಗ್ಗುಲಲ್ಲಿ ಕುಳಿತಿದ್ದಾಗ, "ಆ ಮರವನ್ನು ಏನು ಮಾಡಿದಿರಿ ಪುತಾ?" ಎಂದು ಕೇಳಿದರು. ಅದು ಒಲೆಗೆ ಹೋಗಿತ್ತು.

ನಮ್ಮ ತಪ್ಪನ್ನು ಕ್ರೌರ್ಯವೆನ್ನಲು ಯಾರಿಗೂ ಸಾಧ್ಯವಿಲ್ಲ. ನಾವು ಕೇಳಲಿಲ್ಲ, ಅಷ್ಟೆ. ಮನೆಯಲ್ಲಿ ವಾಸವಾಗಿದ್ದವರು ಅವರು. ಅಭಿಪ್ರಾಯ ಹೇಳಿದವನು ನೂರು ಕಿಲೋಮೀಟರ್ ದೂರದ ಗುರುಮಂದಿರದಲ್ಲಿದ್ದ ನಾನು.

ಆ ಬಳಿಕ ಮನೆ ವಿಸ್ತರಿಸುವವರು ಸಲಹೆ ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ. ಮನೆಯ ಅತ್ಯಂತ ದುರ್ಬಲರಾದವರಿಂದ ನಕ್ಷೆ ಆರಂಭವಾಗಲಿ. ಅವರ ಕೋಣೆ ನೆಲ ಅಂತಸ್ತಿನಲ್ಲಿರಲಿ, ಶೌಚಾಲಯ ಅದಕ್ಕೆ ಅಂಟಿಕೊಂಡೇ ಇರಲಿ. ಬಾಗಿಲು ಮೂರು ಅಡಿಗೆ ಕಡಿಮೆಯಾಗದಿರಲಿ, ಒಂದು ದಿನ ಗಾಲಿಕುರ್ಚಿ ಬಂದರೆ ಅದು ಹಾದುಹೋಗಬೇಕು. ಸ್ನಾನದ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೇ ಅಡ್ಡವಾಗಿ ಬಿದ್ದು, ಹೊರಗಿನವರು ಒಳಗೆ ಹೋಗಲಾರದೆ ಒದ್ದಾಡಿದ ಪ್ರಸಂಗವನ್ನು ನಾನು ಬಲ್ಲೆ. ಗೋಡೆಗೆ ಹಿಡಿದುಕೊಳ್ಳಲು ಗಟ್ಟಿ ಕಂಬಿ, ಒರಟು ಮೈಯ ನೆಲ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಇವಕ್ಕೆಲ್ಲ ತಗಲುವ ವೆಚ್ಚ ಪೋರ್ಟಿಕೊದ ಎದುರು ನಿಲ್ಲಿಸುವ ಎರಡು ಕಂಬಗಳ ವೆಚ್ಚಕ್ಕೆ ಮೀರದೆಂದು ಮೇಸ್ತ್ರಿಯೊಬ್ಬರು ನಗುತ್ತ ಹೇಳಿದ್ದುಂಟು. ಮುಖ್ಯವಾಗಿ, ಆ ಕೋಣೆಯ ಕಿಟಕಿಯಿಂದ ಮನೆಗೆ ಬರುವ ದಾರಿ ಕಾಣಿಸಬೇಕು. ವಯಸ್ಸಾದವರಿಗೆ ಟಿ.ವಿ.ಗಿಂತ ದಾರಿಯಲ್ಲಿ ಬರುವವರು ಹೋಗುವವರೇ ಹೆಚ್ಚು ಮುಖ್ಯ.

ಕಟ್ಟಡದ ಬಗ್ಗೆಯೂ ಎರಡು ಮಾತು ಹೇಳಬೇಕಾಗಿದೆ, ಏಕೆಂದರೆ ಭಾವನೆಯ ಭರದಲ್ಲಿ ಹಳೆಗೋಡೆಯ ಮೇಲೆ ಏನನ್ನು ಬೇಕಾದರೂ ಹೇರಬಹುದೆಂಬ ಧೈರ್ಯ ನಮ್ಮವರಲ್ಲಿದೆ. ಮರಮುಟ್ಟು ಸಹಿತ ಹೆಂಚಿನ ಮಾಡಿನ ಭಾರ ಚದರ ಮೀಟರಿಗೆ ಸುಮಾರು 65 ಕಿಲೋ. ಐದು ಅಂಗುಲ ದಪ್ಪದ ಕಾಂಕ್ರೀಟು ತಾರಸಿಯ ಭಾರ ಅದೇ ಚದರ ಮೀಟರಿಗೆ 300 ಕಿಲೋವಿಗೂ ಮಿಕ್ಕಿದ್ದು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಒಂದು ಸಾಧಾರಣ ಕೋಣೆಯ ಲೆಕ್ಕ ಹಾಕಿದರೂ, ಒಂದು ಟನ್ನಿನೊಳಗಿದ್ದ ಭಾರ ಮೂರೂವರೆ ಟನ್ನು ದಾಟುತ್ತದೆ. ಅದರ ಮೇಲೆ ಉಪ್ಪರಿಗೆಯ ಗೋಡೆ, ನೀರಿನ ಟ್ಯಾಂಕಿ. ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆ ಇದನ್ನು ಹೊರುವುದೆಂದು ಕಣ್ಣಳತೆಯಿಂದ ಹೇಳಲಾಗದು. ಅಡಿಪಾಯದ ಬದಿಯನ್ನು ಅಗೆದು ನೋಡಿ ಹೇಳಬಲ್ಲ ಎಂಜಿನಿಯರರು ಬೇಕು. ಉಪ್ಪರಿಗೆ ಬೇಕೇ ಬೇಕೆಂದಾದರೆ ಹಳೆಗೋಡೆಯನ್ನು ನಂಬದೆ ಪ್ರತ್ಯೇಕ ಕಂಬಗಳ ಮೇಲೆ ಅದನ್ನು ನಿಲ್ಲಿಸುವ ದಾರಿಯುಂಟು. ಹಳೆ ಗೋಡೆಗೆ ಗಟ್ಟಿ ಸಿಮೆಂಟಿನ ಗಿಲಾವು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕೆಡುತ್ತದೆ. ಹಿಂದಿನವರ ಸುಣ್ಣದ ಗಾರೆಗೆ ಆ ದೋಷವಿರಲಿಲ್ಲ.

ಸಮಸ್ಯೆಯೆಲ್ಲ ಹಳತು ಮತ್ತು ಹೊಸತು ಕೂಡುವ ಜಾಗದಲ್ಲಿ. ಹೊಸ ಗೋಡೆಯ ಅಡಿಪಾಯ ಮೊದಲ ಒಂದೆರಡು ಮಳೆಗಾಲದಲ್ಲಿ ಸ್ವಲ್ಪ ಕುಸಿದು ಕೂರುತ್ತದೆ. ಹಳೆ ಗೋಡೆಯೋ ಎಂದೋ ಕೂತಾಗಿದೆ. ಎರಡನ್ನೂ ಒಂದೇ ಎಂಬಂತೆ ಬಿಗಿದು ಕಟ್ಟಿದರೆ ನಡುವೆ ಬಿರುಕು ಬಿಡುವುದು ಸಹಜ. ಹಾಗೆಯೇ ಇಳಿಜಾರಿನ ಹೆಂಚಿನ ಮಾಡು ಚಪ್ಪಟೆ ತಾರಸಿಗೆ ತಾಗುವಲ್ಲಿ ಮಳೆನೀರು ಹರಿದುಹೋಗಲು ಅಗಲವಾದ ದಾರಿ ಮಾಡಿಕೊಡದಿದ್ದರೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮೂರಲ್ಲಿ ಪಾತ್ರೆ ಇಡುವ ಕೆಲಸ ತಪ್ಪಿದ್ದಲ್ಲ. ಹಳೆ ಹೆಂಚು ಬಿಚ್ಚುವಾಗ ಒಡೆಯದವನ್ನು ಎತ್ತಿಡಿ. ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಹಲವು ಮುಚ್ಚಿಹೋಗಿವೆ. ಅದೇ ಅಚ್ಚಿನ ಹೆಂಚು ನಾಳೆ ಹುಡುಕಿದರೂ ಸಿಗಲಿಕ್ಕಿಲ್ಲ.

ಇನ್ನು ಯಾರೂ ಬಾಯಿ ಬಿಡದ ವಿಷಯಕ್ಕೆ ಬರೋಣ. ಮನೆ ಯಾರದ್ದು? ಒಂದು ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರು. ಪಾಲು ಆಗಿರಲಿಲ್ಲ. ಹೊರದೇಶದಲ್ಲಿದ್ದ ಅಣ್ಣ ತನ್ನ ಉಳಿತಾಯವನ್ನೆಲ್ಲ ಸುರಿದು ಉಪ್ಪರಿಗೆ ಕಟ್ಟಿಸಿದನು. ಊರಲ್ಲಿದ್ದು ತಾಯಿಯನ್ನು ನೋಡಿಕೊಂಡ ತಮ್ಮ ಕೆಳಗೆ ಉಳಿದನು. ಒಂದು ಕಾಗದವೂ ಆಗಲಿಲ್ಲ. ನಾವು ನಾವೇ ಅಲ್ಲವೇ ಎಂಬ ಸಲಿಗೆ. ತಾಯಿ ಹೋದ ಮೇಲೆ ಅಣ್ಣ ಉಪ್ಪರಿಗೆಯ ಮೆಟ್ಟಿಲಿಗೆ ಬೀಗ ಹಾಕಿದನು. ತಮ್ಮ ಬಾವಿಯ ಪಂಪಿನ ಸಂಪರ್ಕ ತೆಗೆದನು. ಇಬ್ಬರೂ ಒಂದೇ ಬಲಿಪೂಜೆಗೆ ಬಂದು ಬೇರೆ ಬೇರೆ ಬದಿಯ ಬೆಂಚುಗಳಲ್ಲಿ ಕೂರುವುದನ್ನು ಪೀಠದಿಂದ ನಾನು ವರ್ಷಗಟ್ಟಲೆ ನೋಡಿದ್ದೇನೆ. ದಾವೆ ಇನ್ನೂ ನಡೆಯುತ್ತಿದೆ.

ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದೆ ಗಂಡ ತೀರಿಕೊಂಡು ಹೆಂಡತಿ ಮಕ್ಕಳಿದ್ದರೆ ಆಸ್ತಿಯ ಮೂರರಲ್ಲೊಂದು ಪಾಲು ಹೆಂಡತಿಗೆ, ಉಳಿದ ಮೂರರಲ್ಲೆರಡು ಪಾಲು ಮಕ್ಕಳಿಗೆ ಸಮಾನವಾಗಿ. ಮಕ್ಕಳು ಎಂದರೆ ಗಂಡುಮಕ್ಕಳು ಮಾತ್ರವಲ್ಲ. ಮದುವೆಯಾಗಿ ಹೋದ ಮಗಳಿಗೂ ಮಗನಷ್ಟೇ ಹಕ್ಕು. "ಅಕ್ಕನಿಗೆ ಚಿನ್ನ ಕೊಟ್ಟು ಕಳಿಸಿದ್ದೇವಲ್ಲ" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ನೀತಿಯಲ್ಲೂ ಅಷ್ಟಾಗಿ ಇರಬೇಕೆಂದು ನನಗೆ ತೋರುವುದಿಲ್ಲ. ಪಹಣಿಯಲ್ಲಿ ಒಬ್ಬರ ಹೆಸರು ಬಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಸಿಹೋಗದು. ಆದುದರಿಂದ ಮೊದಲ ಕಲ್ಲು ಇಡುವ ಮೊದಲೇ ಎಲ್ಲರೂ ಒಂದು ಮೇಜಿನ ಸುತ್ತ ಕೂರಬೇಕು. ಪಾಲುಪತ್ರವೋ, ಹಕ್ಕು ಬಿಟ್ಟುಕೊಟ್ಟ ಪತ್ರವೋ, ಯಾರು ಎಷ್ಟು ಹಣ ಹಾಕಿದರೆಂಬ ಕರಾರೋ, ಏನಾಗಬೇಕೋ ಅದನ್ನು ವಕೀಲರ ಸಲಹೆ ಪಡೆದು ನೋಂದಾಯಿಸಬೇಕು. ಸಹಿ ಕೇಳುವುದು ಪ್ರೀತಿಗೆ ಕುಂದೆಂದು ಭಾವಿಸುವವರು ನ್ಯಾಯಾಲಯದ ಜಗಲಿಯಲ್ಲಿ ಒಂದು ದಿನ ಕುಳಿತು ಬರಲಿ.

ತಾಯಂದಿರಿಗೆ ಒಂದು ಮಾತು. ಮಗ ಮನೆ ದೊಡ್ಡದು ಮಾಡುತ್ತಾನೆ, ಬ್ಯಾಂಕಿನ ಸಾಲಕ್ಕೆ ಬೇಕಂತೆ ಎಂದು ನಿಮ್ಮ ಹಕ್ಕನ್ನೆಲ್ಲ ದಾನಪತ್ರ ಮಾಡಿಕೊಡುವ ಮೊದಲು, ನಿಮ್ಮ ಜೀವಮಾನವಿಡೀ ಆ ಮನೆಯಲ್ಲಿ ವಾಸ ಮತ್ತು ಪೋಷಣೆಯ ಷರತ್ತು ಆ ಪತ್ರದಲ್ಲೇ ಸ್ಪಷ್ಟವಾಗಿ ಇರಲಿ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ 23ನೇ ಕಲಮಿನಂತೆ, ಅಂತಹ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದೆ ಹೋದರೆ ಆ ವರ್ಗಾವಣೆಯನ್ನು ರದ್ದುಗೊಳಿಸಬಹುದು. ನಮ್ಮ ರಾಜ್ಯದಲ್ಲಿ ಸಹಾಯಕ ಆಯುಕ್ತರ ಎದುರು ಇದರ ವಿಚಾರಣೆ ನಡೆಯುತ್ತದೆ. ಇದನ್ನು ಬರೆಯುವಾಗ ಕೆಲವು ಮಕ್ಕಳಿಗೆ ಬೇಸರವಾದೀತೆಂದು ಬಲ್ಲೆ. ನೋಡಿಕೊಳ್ಳುವ ಮಕ್ಕಳಿಗೆ ಈ ಷರತ್ತಿನಿಂದ ಯಾವ ನಷ್ಟವೂ ಇಲ್ಲ.

ಅಲ್ತಾರಿನ ವಿಷಯ ಬಿಟ್ಟರೆ ಧರ್ಮಗುರುವಿನ ಬರಹ ಪೂರ್ಣವಾಗದು. ಹಳೆಮನೆಯ ಚಾವಡಿಯಲ್ಲಿ ಬಾಗಿಲಿಗೆ ನೇರ ಎದುರಾಗಿ ಅದು ಇರುತ್ತಿತ್ತು. ಸಂಜೆಯ ಜಪಸರಕ್ಕೆ ಎಲ್ಲರೂ ಮಂಡಿಯೂರುವ ಜಾಗ. ತೆನೆಹಬ್ಬದಂದು ಚರ್ಚಿನಿಂದ ತಂದ ಹೊಸ ತೆನೆಯನ್ನು ಇಡುತ್ತಿದ್ದ ಜಾಗ. ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕರೆದುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಹೊಸ ಹಾಲ್‌ಗಳಲ್ಲಿ ಆ ಗೋಡೆಗೆ ಟಿ.ವಿ. ಬಂದಿದೆ, ಅಲ್ತಾರು ಮೆಟ್ಟಿಲಿನ ಕೆಳಗಿನ ಮೂಲೆಗೆ ಹೋಗಿದೆ. ಇಬ್ಬರು ಮಂಡಿಯೂರಿದರೆ ಮೂರನೆಯವರಿಗೆ ಅಲ್ಲಿ ಜಾಗವಿಲ್ಲ. ನಕ್ಷೆ ಬರೆದವರಿಗೆ ಕುಟುಂಬದ ಮಂದಿ ಎಷ್ಟೆಂದು ನಾವೇ ಹೇಳಿರುವುದಿಲ್ಲ.

ಮೊದಲು ಹೇಳಿದ ಮನೆಯ ಮಗ ಅಂದು ನಕ್ಷೆಯನ್ನು ಮಾತಿಲ್ಲದೆ ಸುರುಳಿ ಸುತ್ತಿದ್ದರು. ಸಿಟ್ಟಾದರೋ ಏನೋ ಎಂದು ನನಗೆ ಅಳುಕಿತ್ತು. ರಜೆ ಮುಗಿಸಿ ಹೊರಡುವ ಮೊದಲು ಗುರುಮಂದಿರಕ್ಕೆ ಬಂದರು. ಉಪ್ಪರಿಗೆಯ ನಾಲ್ಕು ಕೋಣೆಗಳು ಎರಡಾಗಿವೆಯಂತೆ. ಚಾವಡಿಯ ಬಲಬದಿಗೆ, ಸಿಟ್‌ಔಟ್ ಬರಬೇಕಾಗಿದ್ದ ಜಾಗದಲ್ಲಿ, ತಾಯಿಗೆ ಕೋಣೆ. ಕೆಲಸ ಮಳೆ ನಿಂತ ಮೇಲೆ, ತೆನೆಹಬ್ಬ ಕಳೆದು ಆರಂಭ. ತಂಗಿಯಂದಿರಿಬ್ಬರೂ ಅಷ್ಟರೊಳಗೆ ಬಂದು ವಕೀಲರ ಬಳಿ ಕೂರುವುದೆಂದು ಮಾತಾಗಿದೆ.

"ಮಾಯ್ ಒಪ್ಪಿದರೇ?" ಎಂದು ಕೇಳಿದೆ.

"ಒಪ್ಪುವುದೇನು ಫಾದರ್, ಜಗಳವೇ ಆಯಿತು" ಎಂದು ಅವರು ನಕ್ಕರು. ಅಷ್ಟು ದೊಡ್ಡ ಕೋಣೆ ತನಗೆ ಬೇಡವೆಂದರಂತೆ. ಕಿಟಕಿ ಮಾತ್ರ ಬಾವಿಯ ಕಡೆಗೂ ಒಂದು, ದಾರಿಯ ಕಡೆಗೂ ಒಂದು ಬೇಕೆಂದರಂತೆ. ಬಚ್ಚಲಿನ ಬಾಗಿಲು ಮಂಚದಿಂದ ಏಳುವಾಗ ಬಲಗೈಗೆ ಸಿಗಬೇಕು, ಎಡಗೈಗೆ ಬಲ ಸಾಲದು ಎಂದರಂತೆ. ಅಕ್ಕಿಯ ಡಬ್ಬಗಳನ್ನು ಅಲ್ಲಿಗೆ ತರಕೂಡದೆಂದೂ ಹೇಳಿದರಂತೆ. ಮೇಸ್ತ್ರಿ ಅಳತೆ ಹಿಡಿಯಲು ಬಂದ ದಿನ ಕೋಲೂರಿಕೊಂಡು ಅವನ ಹಿಂದೆಯೇ ನಡೆದು, ಹಳೆಯ ದಾರಂದವನ್ನು ಬೆರಳಿನಿಂದ ಬಡಿದು ತೋರಿಸಿ, ಇದಕ್ಕೆ ಗೆದ್ದಲು ಹತ್ತಿಲ್ಲ, ಇದನ್ನೇ ಹೊಸ ಕೋಣೆಗೆ ಕೂರಿಸು ಎಂದು ಹೇಳಿದರಂತೆ.